ಉಪಾಧ್ಯಾಯರೂ ಚಿಟ್ಟೆಯ ನಾಲಗೆಯೂ

ಯುದ್ಧದ ಚಲನಚಿತ್ರವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಫಿರಂಗಿ, ವಿಮಾನ, ಕಂದಕ, ಗಾಯಾಳುಗಳ ಸಾಲು. ಆದರೆ ರಣರಂಗದ ಒಂದು ದೃಶ್ಯವೂ ಇಲ್ಲದೆ, ಒಂದು ಹಳ್ಳಿಯ ಶಾಲೆ, ಒಬ್ಬ ದರ್ಜಿಯ ಮನೆ, ಒಂದು ನದಿ, ಒಂದಿಷ್ಟು ಕಾಡು ಇಷ್ಟನ್ನೇ ಇಟ್ಟುಕೊಂಡು, ಅಂತರ್ಯುದ್ಧವೆಂದರೆ ಏನೆಂಬುದನ್ನು ಎದೆ ನಡುಗುವಂತೆ ತಿಳಿಸಿಕೊಟ್ಟ ಚಿತ್ರವೊಂದಿದೆ. 1999ರಲ್ಲಿ ಸ್ಪೇನ್ ದೇಶದಲ್ಲಿ ತೆರೆಕಂಡ ಅದರ ಹೆಸರು ‘ಲಾ ಲೆಂಗ್ವಾ ದೆ ಲಾಸ್ ಮರಿಪೋಸಾಸ್’. ನಮ್ಮ ಮಾತಿನಲ್ಲಿ ‘ಚಿಟ್ಟೆಗಳ ನಾಲಗೆ’. ನಿರ್ದೇಶಕರು ಹೋಸೆ ಲೂಯಿಸ್ ಕ್ವೆರ್ದಾ. ಮನುಯೆಲ್ ರೀವಾಸ್ ಎಂಬ ಕತೆಗಾರರ ಮೂರು ಸಣ್ಣಕತೆಗಳನ್ನು ಒಂದಾಗಿ ಹೆಣೆದು ಚಿತ್ರಕಥೆಯನ್ನು ಸಿದ್ಧಪಡಿಸಿದವರಲ್ಲಿ ರಫಾಯೆಲ್ ಅಸ್ಕೋನಾ ಮುಖ್ಯರು. ಆ ಚಿತ್ರಕಥೆಗೆ ಸ್ಪೇನಿನ ಗೋಯಾ ಪ್ರಶಸ್ತಿಯೂ ಸಂದಿತು. ವೃದ್ಧ ಉಪಾಧ್ಯಾಯರ ಪಾತ್ರವನ್ನು ವಹಿಸಿದವರು ಆ ದೇಶದ ರಂಗಭೂಮಿ ಮತ್ತು ಚಿತ್ರರಂಗಗಳ ಹಿರಿಯರಾಗಿದ್ದ ಫೆರ್ನಾಂದೊ ಫೆರ್ನಾನ್ ಗೋಮೆಜ್.

ಉಪಾಧ್ಯಾಯ ವೃತ್ತಿಯಲ್ಲಿ ಕೂದಲು ಬೆಳ್ಳಗಾಗಿಸಿಕೊಂಡ ನಮಗೆ ಈ ಚಿತ್ರವು ಕೇವಲ ಒಂದು ಕಲಾಕೃತಿಯಾಗಿ ಕಾಣಲಿಲ್ಲ. ನಮ್ಮ ಕಸುಬಿನ ಬಗ್ಗೆಯೇ ನಮ್ಮನ್ನು ಕೂರಿಸಿ ಪ್ರಶ್ನೆ ಕೇಳಿದಂತಾಯಿತು. ಆ ಪ್ರಶ್ನೆಯನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ. ಅದಕ್ಕೆ ಮೊದಲು ಆ ಕಾಲದ ಚರಿತ್ರೆಯನ್ನು ಸ್ವಲ್ಪವಾದರೂ ಹೇಳಬೇಕಾಗುತ್ತದೆ.

1931ರ ಏಪ್ರಿಲ್ 14ರಂದು ಸ್ಪೇನಿನಲ್ಲಿ ರಾಜಪ್ರಭುತ್ವ ಕೊನೆಗೊಂಡು ಗಣರಾಜ್ಯ ಘೋಷಿತವಾಯಿತು. ಆಗ ಆ ದೇಶದ ಜನರಲ್ಲಿ ಸುಮಾರು ಮೂರರಲ್ಲೊಂದು ಪಾಲು ಓದುಬರಹ ತಿಳಿಯದವರು. ಹೊಸ ಸರಕಾರವು ಶಾಲೆಯನ್ನೇ ತನ್ನ ದೇವಾಲಯವೆಂದು ಭಾವಿಸಿತು ಎಂದರೆ ಅತಿಶಯವಾಗದು. ಪ್ರಾಥಮಿಕ ಶಿಕ್ಷಣವು ಉಚಿತವೂ ಕಡ್ಡಾಯವೂ ಆಗಿರತಕ್ಕದ್ದೆಂದು, ಯಾವ ಮತಕ್ಕೂ ಸೇರದ ಶಿಕ್ಷಣವಾಗಿರತಕ್ಕದ್ದೆಂದು ಸಂವಿಧಾನದಲ್ಲಿಯೇ ಬರೆಯಲಾಯಿತು. ಸಾವಿರಾರು ಹೊಸ ಶಾಲೆಗಳಿಗೆ ಮಂಜೂರಾತಿ ದೊರೆಯಿತು. ಅರೆಹೊಟ್ಟೆಯಲ್ಲಿದ್ದ ಹಳ್ಳಿಯ ಉಪಾಧ್ಯಾಯರ ಸಂಬಳ ಏರಿತು. ಮನುಯೆಲ್ ಬಾರ್ತೊಲೊಮೆ ಕೊಸ್ಸೀಯೊ ಎಂಬ ಹಿರಿಯ ಶಿಕ್ಷಣತಜ್ಞರ ಮುಂದಾಳುತನದಲ್ಲಿ ‘ಶಿಕ್ಷಣ ಮಿಷನ್’ಗಳೆಂಬ ತಂಡಗಳು ಹೊರಟು, ರಸ್ತೆಯಿಲ್ಲದ ಬೆಟ್ಟದ ಹಳ್ಳಿಗಳಿಗೆ ಹೇಸರಗತ್ತೆಗಳ ಬೆನ್ನಿನ ಮೇಲೆ ಪುಸ್ತಕ, ಗ್ರಾಮಫೋನು, ಚಲನಚಿತ್ರ ಯಂತ್ರ, ಮಹಾಕಲಾವಿದರ ಚಿತ್ರಗಳ ಪ್ರತಿಕೃತಿ ಇವನ್ನೆಲ್ಲ ಹೊತ್ತೊಯ್ದವು. ಐದು ಸಾವಿರಕ್ಕೂ ಹೆಚ್ಚು ಪುಟ್ಟ ಗ್ರಂಥಾಲಯಗಳು ಹಳ್ಳಿಗಳಲ್ಲಿ ತಲೆಯೆತ್ತಿದವು.

ಇದು ಎಲ್ಲರಿಗೂ ಹಿತವಾಗಲಿಲ್ಲ. ಭೂಮಾಲೀಕರು, ಸೈನ್ಯದ ದೊಡ್ಡ ಅಧಿಕಾರಿಗಳು, ಶತಮಾನಗಳಿಂದ ಶಿಕ್ಷಣವನ್ನು ತನ್ನ ಕೈಯಲ್ಲಿಟ್ಟುಕೊಂಡಿದ್ದ ಇಗರ್ಜಿ, ಇವರೆಲ್ಲರ ಕಣ್ಣಿಗೆ ಹೊಸ ಉಪಾಧ್ಯಾಯನು ಊರು ಕೆಡಿಸಲು ಬಂದವನಾದನು. 1936ರ ಜುಲೈ 17 ಮತ್ತು 18ರಂದು ಸೈನ್ಯದ ಒಂದು ಭಾಗ ದಂಗೆಯೆದ್ದಿತು. ಅದು ಅಂತರ್ಯುದ್ಧವಾಗಿ ಬೆಳೆದು 1939ರ ಏಪ್ರಿಲ್ 1ರಂದು ದಂಗೆಕೋರರ ವಿಜಯದಲ್ಲಿ ಮುಗಿಯಿತು. ಜನರಲ್ ಫ್ರಾಂಕೋ 1975ರ ನವೆಂಬರ್‌ನಲ್ಲಿ ಸಾಯುವವರೆಗೂ ಆಳಿದನು. ನಮ್ಮ ಜವಾಹರಲಾಲ ನೆಹರೂ ಅವರು 1938ರ ಜೂನ್ ತಿಂಗಳಿನಲ್ಲಿ ಕೃಷ್ಣ ಮೆನನ್ ಅವರೊಡನೆ ಬಾಂಬಿನ ದಾಳಿಗೆ ಗುರಿಯಾಗಿದ್ದ ಬಾರ್ಸಿಲೋನಾ ನಗರಕ್ಕೆ ಹೋಗಿ ಗಣರಾಜ್ಯದ ಪರವಾಗಿ ಮಾತನಾಡಿ ಬಂದದ್ದನ್ನು ಹಿರಿಯ ವಾಚಕರು ಬಲ್ಲರು. ಕ್ರೌರ್ಯವು ಒಂದೇ ಪಕ್ಷದ ಸೊತ್ತಾಗಿರಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಗಣರಾಜ್ಯದ ಕಡೆಯ ಪ್ರದೇಶಗಳಲ್ಲಿ ಇಗರ್ಜಿಗಳು ಉರಿದವು. ಸುಮಾರು ಏಳು ಸಾವಿರ ಮಂದಿ ಪಾದ್ರಿಗಳೂ ಸಂನ್ಯಾಸಿ, ಸಂನ್ಯಾಸಿನಿಯರೂ ಕೊಲ್ಲಲ್ಪಟ್ಟರು.

ಇನ್ನು ಚಿತ್ರಕ್ಕೆ ಬರೋಣ. ಕಥೆ ನಡೆಯುವುದು ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾ ಎಂಬ ನಾಡಿನಲ್ಲಿ. ಮಳೆ, ಮಂಜು, ಹಸುರು ಗುಡ್ಡಗಳ ನಾಡು ಅದು. ದಕ್ಷಿಣದ ಗಡಿಯನ್ನು ದಾಟಿದರೆ ಪೋರ್ಚುಗಲ್. ಕಾಲ, 1936ರ ಬೇಸಗೆಗೆ ಮುಂಚಿನ ಕೆಲವು ತಿಂಗಳುಗಳು. ಮೋಂಚೊ ಎಂಬ ಏಳೆಂಟು ವಯಸ್ಸಿನ ಹುಡುಗನಿಗೆ ಉಬ್ಬಸದ ಕಾಯಿಲೆ. ಆ ಕಾರಣದಿಂದ ಶಾಲೆಗೆ ಸೇರುವುದು ತಡವಾಗಿದೆ. ತಂದೆ ರಾಮೋನ್ ಊರಿನ ದರ್ಜಿ, ಗಣರಾಜ್ಯದಲ್ಲಿ ನಂಬಿಕೆಯುಳ್ಳವನು. ತಾಯಿ ರೋಸಾ ದೈವಭಕ್ತೆ. ಶಾಲೆಯಲ್ಲಿ ಉಪಾಧ್ಯಾಯರು ಹೊಡೆಯುತ್ತಾರೆಂದು ಕೇಳಿ ತಿಳಿದಿದ್ದ ಹುಡುಗ ಮೊದಲ ದಿನವೇ ತರಗತಿಯಲ್ಲಿ ಹೆದರಿ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಾನೆ, ಮಕ್ಕಳೆಲ್ಲ ನಗುತ್ತಾರೆ, ಹುಡುಗ ಓಡಿಹೋಗಿ ಕಾಡು ಸೇರುತ್ತಾನೆ. ಊರೇ ದೀಪ ಹಿಡಿದು ಹುಡುಕಿ ಅವನನ್ನು ಮನೆಗೆ ತರುತ್ತದೆ.

ಆಮೇಲೆ ನಡೆಯುವುದನ್ನು ಗಮನಿಸಬೇಕು. ವೃದ್ಧ ಉಪಾಧ್ಯಾಯ ದೋನ್ ಗ್ರೆಗೋರಿಯೊ ಅವರು ತಾವಾಗಿಯೇ ದರ್ಜಿಯ ಮನೆಗೆ ಬಂದು ಆ ಸಣ್ಣ ಹುಡುಗನ ಕ್ಷಮೆ ಕೇಳುತ್ತಾರೆ. ನಲವತ್ತು ಮಕ್ಕಳ ಮುಂದೆ ದೊಡ್ಡಸ್ತಿಕೆಯಿಂದ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡ ನಮ್ಮಂಥವರಿಗೆ ಇದು ಎಷ್ಟು ಕಷ್ಟದ ಕೆಲಸವೆಂಬುದು ಗೊತ್ತು. ಮಗುವಿನ ಮುಂದೆ ತಲೆಬಾಗಿದ ಉಪಾಧ್ಯಾಯನ ಗೌರವ ಕುಗ್ಗಲಿಲ್ಲ. ಮರುದಿನ ಆ ಹುಡುಗ ಅವರ ಕೈಹಿಡಿದು ಶಾಲೆಗೆ ನಡೆದನು.

ನಮ್ಮ ಕಡೆಯ ಊರುಗಳಲ್ಲಿ ಮಗನನ್ನು ಶಾಲೆಗೆ ಸೇರಿಸಲು ಬಂದ ತಂದೆ ಹಿಂದೆಲ್ಲ ಹೇಳುತ್ತಿದ್ದ ಮಾತೊಂದಿತ್ತು: “ಮಾಷ್ಟ್ರೇ, ಎರಡು ಕಣ್ಣು ಬಿಟ್ಟು ಬೇರೆ ಎಲ್ಲಿ ಬೇಕಾದರೂ ಹೊಡೆಯಿರಿ.” ಅದು ಕ್ರೂರತನದ ಮಾತಲ್ಲ, ಮಗ ಕಲಿಯಲಿ ಎಂಬ ಹಂಬಲದ ಮಾತು. ಆ ಚಿತ್ರದಲ್ಲಿಯೂ ಊರಿನ ಧನಿಕ ದೋನ್ ಅವೆಲೀನೊ ಎರಡು ಕೊಬ್ಬಿದ ಹುಂಜಗಳನ್ನು ಉಪಾಧ್ಯಾಯರಿಗೆ ಕಾಣಿಕೆಯಾಗಿ ತಂದು, ತನ್ನ ಮಗನ ತಲೆಗೆ ಲೆಕ್ಕವನ್ನು ತುಂಬಿಸಿರಿ, ಬೇಕಾದರೆ ಬೆತ್ತ ಪ್ರಯೋಗಿಸಿರಿ ಎನ್ನುತ್ತಾನೆ. ಉಪಾಧ್ಯಾಯರಿಗೆ ಹುಂಜವೂ ಬೇಡ, ಬೆತ್ತವೂ ಬೇಡ. ಮಕ್ಕಳು ಗದ್ದಲವೆಬ್ಬಿಸಿದರೆ ಅವರು ಪಾಠ ನಿಲ್ಲಿಸಿ, ಕಿಟಕಿಯ ಬಳಿಗೆ ಹೋಗಿ, ಹೊರಗೆ ನೋಡುತ್ತ ಮೌನವಾಗಿ ನಿಂತುಬಿಡುತ್ತಾರೆ. ಆ ಮೌನದ ಭಾರವನ್ನು ತಾಳಲಾರದೆ ಮಕ್ಕಳು ತಾವೇ ಸುಮ್ಮನಾಗುತ್ತಾರೆ.

ನಾವು ಅಧ್ಯಾಪಕ ತರಬೇತಿಗೆ ಹೋಗಿದ್ದಾಗ ಪಾಠಯೋಜನೆಯ ಪುಸ್ತಕದಲ್ಲಿ ಉದ್ದೇಶ, ಪೂರ್ವಜ್ಞಾನ, ಬೋಧನೋಪಕರಣ, ಮೌಲ್ಯಮಾಪನ ಎಂದು ಅಡ್ಡಗೆರೆ ಉದ್ದಗೆರೆ ಎಳೆದು ಬರೆಯುತ್ತಿದ್ದೆವು. ಮೌನಕ್ಕೆ ಅಲ್ಲಿ ಒಂದು ಅಂಕಣ ಇರಲಿಲ್ಲ. ಅದನ್ನು ತರಗತಿಯೇ ಕಲಿಸಬೇಕು. ಆದರೆ ಅಲ್ಲಿ ಬಾಯಿಪಾಠ ಮಾಡಿದ ಒಂದು ಸೂತ್ರವುಂಟು: ತಿಳಿದುದರಿಂದ ತಿಳಿಯದುದರ ಕಡೆಗೆ ಮಗುವನ್ನು ಕರೆದೊಯ್ಯಬೇಕು. ದೋನ್ ಗ್ರೆಗೋರಿಯೊ ಅವರ ಪಾಠದಲ್ಲಿ ಈ ಸೂತ್ರ ಜೀವ ತಳೆದು ನಿಂತಿದೆ. ಚಿಟ್ಟೆಯ ನಾಲಗೆ ಹೇಗಿರುತ್ತದೆ? ಗಡಿಯಾರದೊಳಗಿನ ಸುರುಳಿ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿರುತ್ತದೆ; ಹೂವನ್ನು ಕಂಡಾಗ ಬಿಚ್ಚಿಕೊಂಡು ಮಧುವಿನ ಆಳದವರೆಗೂ ಇಳಿಯುತ್ತದೆ. ಗಡಿಯಾರವನ್ನು ಕಂಡ ಮಗು ಚಿಟ್ಟೆಯ ನಾಲಗೆಯನ್ನು ಕಾಣದೆಯೇ ಕಂಡಿತು! ಆ ನಾಲಗೆಗೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಎಸ್ಪಿರಿತ್ರೋಂಪಾ’ ಎಂಬ ಉದ್ದವಾದ ಶಾಸ್ತ್ರೀಯ ಹೆಸರು. ಆಸ್ಟ್ರೇಲಿಯದಲ್ಲಿ ಒಂದು ಪಕ್ಷಿಯುಂಟು. ಅದರ ಗಂಡು ಹೆಣ್ಣಿಗಾಗಿ ಕಡ್ಡಿಗಳ ಚಪ್ಪರ ಕಟ್ಟಿ ಶೃಂಗರಿಸುತ್ತದೆ. ಅದಕ್ಕೆ ‘ತಿಲೊನೊರ್‍ರಿಂಕೊ’ ಎಂದು ಹೆಸರು. ಹೆಣ್ಣಿಗೆ ಹೂವಿನ ಕಾಣಿಕೆ ಕೊಡುವ ಹಕ್ಕಿಯೆಂದು ಉಪಾಧ್ಯಾಯರು ಅದನ್ನು ವರ್ಣಿಸುತ್ತಾರೆ. ಹುಡುಗ ಈ ವಿಚಿತ್ರ ಶಬ್ದಗಳನ್ನು ಮಿಠಾಯಿಯಂತೆ ಬಾಯಲ್ಲಿಟ್ಟುಕೊಂಡು ಮನೆಗೆ ಬರುತ್ತಾನೆ. ಆ ಹಕ್ಕಿಯನ್ನು ಅನುಕರಿಸಿ ತಾನೂ ಒಬ್ಬ ಹುಡುಗಿಯ ಕೈಗೆ ಹೂವನ್ನು ಕೊಡುತ್ತಾನೆ.

ವಸಂತ ಬಂದಾಗ ಪಾಠ ಕಾಡಿಗೂ ನದಿಯ ದಂಡೆಗೂ ಸಾಗುತ್ತದೆ. ಒಮ್ಮೆ ಹೀಗೆ ಹೋದಾಗ ಹುಡುಗನಿಗೆ ಉಬ್ಬಸ ಏರಿ ಉಸಿರು ಕಟ್ಟಿದಾಗ ಮುದುಕ ಅವನನ್ನು ಎತ್ತಿಕೊಂಡು ಓಡಿ ನದಿಯ ತಣ್ಣೀರಿನಲ್ಲಿ ಅದ್ದಿ ಉಳಿಸುತ್ತಾರೆ. ಕೃತಜ್ಞನಾದ ದರ್ಜಿ ಅವರಿಗೆ ಒಂದು ಸೂಟನ್ನು ಹೊಲಿದುಕೊಡುತ್ತಾನೆ. ಹೆಂಡತಿಯನ್ನು ಕಳೆದುಕೊಂಡು ಒಂಟಿಯಾಗಿ ಪುಸ್ತಕಗಳ ನಡುವೆ ಬದುಕುವ ಆ ಉಪಾಧ್ಯಾಯರು ಹುಡುಗನಿಗೆ ಸ್ಟೀವನ್‌ಸನ್ನನ ‘ಟ್ರೆಷರ್ ಐಲೆಂಡ್’ ಪುಸ್ತಕವನ್ನು ಕೊಡುತ್ತಾರೆ. ಚಿಟ್ಟೆ ಹಿಡಿಯುವ ಬಲೆಯನ್ನು ಕೊಡುತ್ತಾರೆ. ಸತ್ತ ಮೇಲೆ ನರಕವುಂಟೇ ಎಂದು ಹುಡುಗ ಕೇಳಿದಾಗ, ದ್ವೇಷ ಮತ್ತು ಕ್ರೌರ್ಯ ಇವೇ ನರಕ, ಕೆಲವೊಮ್ಮೆ ಮನುಷ್ಯರಾದ ನಾವೇ ನರಕವಾಗುತ್ತೇವೆ ಎಂಬರ್ಥದ ಉತ್ತರ ಕೊಡುತ್ತಾರೆ. ನಿವೃತ್ತಿಯ ದಿನ ಊರ ಜನರೆದುರು ನಿಂತು, ಒಂದೇ ಒಂದು ತಲೆಮಾರು ಸ್ವಾತಂತ್ರ್ಯದಲ್ಲಿ ಬೆಳೆಯುವಂತಾದರೆ ಸಾಕು, ಆಮೇಲೆ ಅದನ್ನು ಯಾರೂ ಕಸಿಯಲಾರರು ಎಂಬ ಭಾವದ ಮಾತನ್ನು ಆಡುತ್ತಾರೆ. ಹುಂಜ ತಂದಿದ್ದ ಧನಿಕ ಎದ್ದು ಹೊರನಡೆಯುತ್ತಾನೆ.

ಆ ಒಂದು ತಲೆಮಾರಿಗೆ ಬೇಕಾದ ಕಾಲಾವಕಾಶ ದೊರೆಯಲಿಲ್ಲ. ಜುಲೈ ತಿಂಗಳು ಬಂದಿತು. ಗಲೀಸಿಯಾ ಕೆಲವೇ ದಿನಗಳಲ್ಲಿ ದಂಗೆಕೋರರ ವಶವಾಯಿತು. ಅಲ್ಲಿ ರಣರಂಗವೇ ಏರ್ಪಡಲಿಲ್ಲ. ಆದರೂ ಸಾವಿರಾರು ಮಂದಿ ಸತ್ತರು. ರಾತ್ರಿ ಮನೆಯ ಬಾಗಿಲು ತಟ್ಟಿ ಕರೆದೊಯ್ದು, ರಸ್ತೆಯ ಬದಿಯಲ್ಲಿ ಗುಂಡಿಟ್ಟು ಕೊಲ್ಲುವುದಕ್ಕೆ ಅಲ್ಲಿನ ಜನ ಇಟ್ಟುಕೊಂಡಿದ್ದ ಹೆಸರು ‘ಪಸೇಯೊ’. ಸಂಜೆಯ ತಿರುಗಾಟಕ್ಕೂ ಅದೇ ಶಬ್ದ. ಚಿತ್ರದಲ್ಲಿ ಸುದ್ದಿ ಬಂದೊಡನೆ ರೋಸಾ ಗಂಡನ ಪತ್ರಿಕೆಗಳನ್ನೂ ಪಕ್ಷದ ಕಾಗದಪತ್ರಗಳನ್ನೂ ಒಲೆಗೆ ಹಾಕುತ್ತಾಳೆ. ಮಗನನ್ನು ಕರೆದು, ನಿನ್ನ ಅಪ್ಪ ಮಾಷ್ಟ್ರಿಗೆ ಸೂಟು ಹೊಲಿದುಕೊಟ್ಟಿಲ್ಲ, ತಿಳಿಯಿತೇ ಎಂದು ಪಾಠ ಒಪ್ಪಿಸುತ್ತಾಳೆ. ಕೊಟ್ಟನಲ್ಲಾ ಎನ್ನುತ್ತದೆ ಮಗು. ಇಲ್ಲ, ಕೊಟ್ಟಿಲ್ಲ ಎನ್ನುತ್ತಾಳೆ ತಾಯಿ. ಶಾಲೆಯಲ್ಲಿ ಕಲಿತದ್ದಕ್ಕೆ ವಿರುದ್ಧವಾದ ಮೊದಲ ಪಾಠ ಹೀಗೆ ಅಡುಗೆಮನೆಯಲ್ಲಿ ನಡೆಯುತ್ತದೆ.

ಕೊನೆಯ ದೃಶ್ಯ ಊರ ಚೌಕದಲ್ಲಿ. ಕೈಕಟ್ಟಿದ ಬಂದಿಗಳನ್ನು ಒಬ್ಬೊಬ್ಬರಾಗಿ ಹೊರತಂದು ಲಾರಿಗೆ ಹತ್ತಿಸುತ್ತಾರೆ. ಸೇರಿದ ಜನ ಬೈಯುತ್ತಾರೆ. ಬೈಯದೆ ನಿಂತವನು ಮುಂದಿನ ಲಾರಿಯಲ್ಲಿ ಇರಬಹುದೆಂಬುದು ಎಲ್ಲರಿಗೂ ಗೊತ್ತು. ಕೊನೆಯಲ್ಲಿ ಉಪಾಧ್ಯಾಯರು ಬರುತ್ತಾರೆ. ನೀವೂ ಕೂಗಿರಿ ಎಂದು ರೋಸಾ ಗಂಡನನ್ನು ಬೇಡುತ್ತಾಳೆ. ದರ್ಜಿಯ ಕಣ್ಣಿನಿಂದ ನೀರು ಸುರಿಯುತ್ತಿದೆ, ಬಾಯಿ ಮಾತ್ರ ನಾಸ್ತಿಕ, ಕೆಂಪಿನವ, ಕೊಲೆಗಡುಕ ಎಂದು ಅರಚುತ್ತಿದೆ. ನೀನೂ ಕೂಗು ಎಂದು ತಾಯಿ ಮಗನಿಗೂ ಹೇಳುತ್ತಾಳೆ. ಮೋಂಚೊ ಕೂಗುತ್ತಾನೆ. ಲಾರಿ ಹೊರಟಾಗ ಬೇರೆ ಹುಡುಗರೊಡನೆ ಓಡುತ್ತ ಕಲ್ಲೆಸೆಯುತ್ತಾನೆ. ದೊಡ್ಡವರಿಂದ ಕೇಳಿದ ಬೈಗುಳು ಮುಗಿದುಹೋದಾಗ ಅವನ ಬಾಯಿಗೆ ಬರುವುದು ಎರಡೇ ಶಬ್ದ: “ತಿಲೊನೊರ್‍ರಿಂಕೊ! ಎಸ್ಪಿರಿತ್ರೋಂಪಾ!” ಹುಡುಗನ ಮುಖದ ಮೇಲೆ ಚಿತ್ರ ನಿಂತುಹೋಗುತ್ತದೆ.

ಕಳೆದ ಬೇಸಗೆಯ ರಜೆಯಲ್ಲಿ ನಮ್ಮೂರಿನ ವಾಚನಾಲಯದಲ್ಲಿ ಗೋಡೆಗೆ ಬಿಳಿಯ ಬಟ್ಟೆ ಕಟ್ಟಿ ಈ ಚಿತ್ರವನ್ನು ತೋರಿಸಿದೆವು. ಮಲಯಾಳದ ಅಡಿಬರಹವಿತ್ತು, ಅದನ್ನು ಓದಲಾರದ ಹಿರಿಯರಿಗೆ ನಡುನಡುವೆ ಕನ್ನಡದಲ್ಲಿ ವಿವರಿಸಿದೆವು. ದೀಪ ಹಾಕಿದ ಮೇಲೂ ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ನಮ್ಮ ಶಾಲೆಗೆ ಹೊಸದಾಗಿ ಬಂದ ತರುಣ ಅಧ್ಯಾಪಕರು ಮೊದಲು ಮಾತೆತ್ತಿ, ಆ ತಾಯಿಯೇ ಅಪರಾಧಿ, ಅವಳು ಗಂಡನನ್ನೂ ಮಗನನ್ನೂ ಹೇಡಿಗಳನ್ನಾಗಿ ಮಾಡಿದಳು ಎಂದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ, ಬೀಡಿ ಕಟ್ಟಿ ಮಕ್ಕಳನ್ನು ಓದಿಸುತ್ತಿರುವ ಒಬ್ಬ ತಾಯಿ ಅದಕ್ಕೆ ಉತ್ತರ ಕೊಟ್ಟರು: “ಮಾಷ್ಟ್ರೇ, ಅವಳನ್ನು ಬೈಯ್ಬೇಡಿ. ಗಂಡನನ್ನೂ ಲಾರಿಗೆ ಹತ್ತಿಸ್ತಾರೆ ಅಂತ ಗೊತ್ತಿದ್ದು ಸುಮ್ಮನೆ ನಿಲ್ಲಲಿಕ್ಕೆ ಯಾರಿಂದಾಗ್ತದೆ? ನಾನಾದ್ರೂ ಕೂಗು ಅಂತ್ಲೇ ಹೇಳ್ತಿದ್ದೆ. ಆದ್ರೆ ಮಗುವಿನ ಹತ್ರ ಹೇಳ್ಬಾರದಿತ್ತು. ಅವನ ಕಣ್ಣು ಮುಚ್ಚಿ ಹಿಡಿದಿದ್ರೆ ಸಾಕಿತ್ತು.”

ಈ ಮಾತಿನ ಮೇಲೆ ನಮ್ಮ ಮನಸ್ಸು ಅನೇಕ ದಿನ ಓಡಾಡಿತು. ತಾಯಿಯನ್ನು ದೂಷಿಸುವುದು ಸುಲಭ; ಚಿತ್ರವು ಅದಕ್ಕೆ ಎಡೆಗೊಡುವುದಿಲ್ಲ. ಭಯವೆಂಬುದು ಮೇಲಿನಿಂದ ಕೆಳಕ್ಕೆ ಹರಿಯುವ ನೀರು. ಬಂದೂಕು ಹಿಡಿದವನು ತಾಯಿಯನ್ನು ಹೆದರಿಸಿದನು, ತಾಯಿ ತಂದೆಯನ್ನು ಒತ್ತಾಯಿಸಿದಳು, ತಂದೆಯ ಕೂಗು ಮಗನ ಕಿವಿಗೆ ಬಿದ್ದಿತು. ತಂದೆಯ ಕಣ್ಣಲ್ಲಿ ನೀರಿದೆ. ಆ ನೀರಿಗೆ ಅರ್ಥವುಂಟು. ತಾನು ಮಾಡುತ್ತಿರುವುದೇನೆಂಬುದು ಅವನಿಗೆ ಗೊತ್ತು. ಮಗುವಿಗೆ ಆ ಆಸರೆಯೂ ಇಲ್ಲ. ದೊಡ್ಡವರು ಸುಳ್ಳೆಂದು ತಿಳಿದೇ ಹೇಳಿದ್ದನ್ನು ಮಗು ನಿಜವೆಂದು ತಿಳಿದು ಕಲ್ಲನ್ನು ಎತ್ತಿಕೊಂಡಿತು. ಅಂತರ್ಯುದ್ಧದ ಅತಿ ದೊಡ್ಡ ಪಾಪವು ಇದೇ ಎಂದು ನಮ್ಮ ಅಭಿಪ್ರಾಯ. ಗುಂಡು ತಗಲಿದವನು ಅಲ್ಲಿಯೇ ಬಿದ್ದನು. ಕಲ್ಲು ಹಿಡಿದ ಮಗು ಆ ಕಲ್ಲಿನೊಡನೆಯೇ ಎಪ್ಪತ್ತು ವರ್ಷ ಬದುಕಬೇಕು.

ಇದು ಕತೆಗಾರರ ಕಲ್ಪನೆಯಷ್ಟೇ ಎನ್ನುವವರಿಗಾಗಿ ಚರಿತ್ರೆಯಿಂದ ಎರಡು ಮಾತು. 1936ರ ನವೆಂಬರ್ ತಿಂಗಳಿನಲ್ಲಿ ಫ್ರಾಂಕೋ ಪಕ್ಷದವರು ಉಪಾಧ್ಯಾಯರನ್ನು ‘ಶುದ್ಧೀಕರಿಸುವ’ ಸಮಿತಿಗಳನ್ನು ರಚಿಸಿದರು. ಒಬ್ಬೊಬ್ಬ ಉಪಾಧ್ಯಾಯನ ಹೆಸರಿನಲ್ಲಿಯೂ ಒಂದೊಂದು ಕಡತ ತೆರೆಯಲಾಯಿತು. ಅದಕ್ಕೆ ನಾಲ್ವರಿಂದ ವರದಿ ಬರಬೇಕು: ಊರಿನ ಮೇಯರ್, ಪಾದ್ರಿ, ಸಿವಿಲ್ ಗಾರ್ಡ್ ಪೊಲೀಸು ದಳದ ಠಾಣಾಧಿಕಾರಿ ಮತ್ತು ಸತ್ಕೀರ್ತಿಯುಳ್ಳ ಒಬ್ಬ ಮಕ್ಕಳೊಂದಿಗ. ಶಾಲೆಗೆ ಮಕ್ಕಳನ್ನು ಕಳುಹಿಸುತ್ತಿದ್ದ ಒಬ್ಬ ತಂದೆಯ ಕೈಯಿಂದಲೇ ಉಪಾಧ್ಯಾಯನ ಮೇಲೆ ಬರೆಯಿಸುವ ಏರ್ಪಾಡು ಇದು! ಚೌಕದಲ್ಲಿ ಕೂಗಿದ ದರ್ಜಿ ರಾಮೋನನನ್ನು ಸರಕಾರಿ ಕಾಗದದ ಮೇಲೆ ಕಾಣಬೇಕೆಂದರೆ ಆ ಕಡತಗಳನ್ನು ತೆರೆದರೆ ಸಾಕು. ಸಾವಿರಾರು ಉಪಾಧ್ಯಾಯರು ಕೆಲಸ ಕಳೆದುಕೊಂಡರು, ದೂರದ ಊರುಗಳಿಗೆ ವರ್ಗವಾದರು, ಸೆರೆಮನೆ ಸೇರಿದರು. ಇನ್ನು ಕೆಲವರಿಗೆ ಕಡತದ ಅಗತ್ಯವೂ ಬೀಳಲಿಲ್ಲ. ಅವರು ಆ ವೇಳೆಗಾಗಲೇ ಮಣ್ಣಿನಡಿಯಲ್ಲಿದ್ದರು. ಚಿತ್ರದಲ್ಲಿ ಮಕ್ಕಳು ಓದುವ ಪದ್ಯವನ್ನು ಬರೆದ ಕವಿ ಅಂತೋನಿಯೊ ಮಚಾದೊ ಕೂಡ ಹೊಟ್ಟೆಪಾಡಿಗೆ ಶಾಲೆಯಲ್ಲಿ ಫ್ರೆಂಚ್ ಕಲಿಸುತ್ತಿದ್ದವರು. 1939ರಲ್ಲಿ ಮುದಿ ತಾಯಿಯೊಡನೆ ಗಡಿ ದಾಟಿ ಫ್ರಾನ್ಸಿಗೆ ಹೋಗಿ, ಕೆಲವೇ ವಾರಗಳಲ್ಲಿ ಕೊಲ್ಯೂರ್ ಎಂಬ ಊರಿನಲ್ಲಿ ತೀರಿಕೊಂಡರು.

ಅಂತೋನಿ ಬೆನೈಜಸ್ ಎಂಬ ಉಪಾಧ್ಯಾಯರ ಕಥೆ ಇನ್ನೂ ಹೃದಯವಿದ್ರಾವಕವಾದದ್ದು. ಕಡಲತೀರದ ಕತಲೂನ್ಯದವರಾದ ಅವರು 1934ರಲ್ಲಿ ಬುರ್ಗೋಸ್ ಪ್ರಾಂತದ ಬಾನ್ಯುವೆಲೋಸ್ ದೆ ಬುರೇಬಾ ಎಂಬ ಒಳನಾಡಿನ ಸಣ್ಣ ಹಳ್ಳಿಯ ಶಾಲೆಗೆ ಬಂದರು. ಫ್ರಾನ್ಸಿನ ಸೆಲೆಸ್ತೆನ್ ಫ್ರೇನೆ ಎಂಬ ಶಿಕ್ಷಣತಜ್ಞರ ಪದ್ಧತಿಯಂತೆ ಶಾಲೆಗೊಂದು ಪುಟ್ಟ ಮುದ್ರಣಯಂತ್ರ ತಂದು, ಮಕ್ಕಳು ತಾವೇ ಬರೆದು ತಾವೇ ಅಚ್ಚು ಜೋಡಿಸಿ ಪುಸ್ತಿಕೆಗಳನ್ನು ಮುದ್ರಿಸುವಂತೆ ಮಾಡಿದರು. ಕಡಲನ್ನೆಂದೂ ಕಾಣದ ಆ ಮಕ್ಕಳು ಕಡಲು ಹೇಗಿರಬಹುದೆಂದು ಊಹಿಸಿ ಬರೆದ ಒಂದು ಪುಸ್ತಿಕೆ 1936ರ ಜನವರಿಯಲ್ಲಿ ಹೊರಬಂದಿತು. ಬೇಸಗೆಯಲ್ಲಿ ನಿಮ್ಮನ್ನು ಕಡಲಿಗೆ ಕರೆದೊಯ್ಯುತ್ತೇನೆಂದು ಉಪಾಧ್ಯಾಯರು ಮಾತು ಕೊಟ್ಟರು. ಆ ಬೇಸಗೆಯ ಜುಲೈ ತಿಂಗಳಿನಲ್ಲಿಯೇ ಅವರನ್ನು ಹಿಡಿದು ಕೊಂದರು. ಮಕ್ಕಳ ಪುಸ್ತಿಕೆಗಳಲ್ಲಿ ಕೆಲವು ಮಾತ್ರ ಉಳಿದುಕೊಂಡವು. ಲಾ ಪೆದ್ರಾಹಾ ಬೆಟ್ಟದ ಸಾಮೂಹಿಕ ಗೋರಿಯನ್ನು 2010ರಲ್ಲಿ ಅಗೆದು ತೆಗೆದಾಗ ಈ ಕಥೆ ಮತ್ತೆ ಬೆಳಕಿಗೆ ಬಂದಿತು. 2023ರಲ್ಲಿ ಪಾತ್ರೀಸಿಯಾ ಫೊಂತ್ ಎಂಬ ನಿರ್ದೇಶಕಿ ಇದನ್ನೂ ಚಲನಚಿತ್ರವಾಗಿಸಿದರು. ಮಾತು ಕೊಟ್ಟ ಉಪಾಧ್ಯಾಯರು ಹೋದರು. ಆದರೆ ಕಡಲನ್ನು ಕುರಿತು ಮಕ್ಕಳು ಬರೆದದ್ದನ್ನು ಇಂದು ಜಗತ್ತು ಓದುತ್ತಿದೆ.

ಗಡಿನಾಡಿನ ಕನ್ನಡ ಕುಟುಂಬಗಳ ಕಿವಿಗೆ ವಿಶೇಷವಾಗಿ ಹಾಕಬೇಕಾದ ವಿಷಯವೊಂದಿದೆ. ಮನುಯೆಲ್ ರೀವಾಸ್ ಈ ಕತೆಗಳನ್ನು ಬರೆದದ್ದು ಸ್ಪ್ಯಾನಿಷ್ ಭಾಷೆಯಲ್ಲಿ ಅಲ್ಲ, ತಮ್ಮ ಮನೆಮಾತಾದ ಗಲೀಸಿಯನ್ ಭಾಷೆಯಲ್ಲಿ. ಪೋರ್ಚುಗೀಸಿಗೆ ಹತ್ತಿರದ ಈ ಭಾಷೆಗೆ ಫ್ರಾಂಕೋ ಆಳ್ವಿಕೆಯ ದೀರ್ಘ ಕಾಲ ಶಾಲೆಯ ಬಾಗಿಲು ಮುಚ್ಚಿತ್ತು. ಹೊಲದಲ್ಲಿ, ಅಡುಗೆಮನೆಯಲ್ಲಿ ಆಡುವ ಮಾತಾಗಿ ಅದು ಉಳಿಯಿತು. 1981ರ ಸ್ವಾಯತ್ತ ಶಾಸನದಿಂದ ಗಲೀಸಿಯಾದಲ್ಲಿ ಅದಕ್ಕೆ ಸ್ಪ್ಯಾನಿಷಿನ ಜೊತೆಗೆ ಅಧಿಕೃತ ಸ್ಥಾನ ದೊರೆತು, ಶಾಲೆಯನ್ನು ಪ್ರವೇಶಿಸಿತು. 1996ರಲ್ಲಿ ರೀವಾಸರ ಈ ಕಥಾಸಂಗ್ರಹಕ್ಕೆ ಸ್ಪೇನಿನ ರಾಷ್ಟ್ರೀಯ ಕಥಾಸಾಹಿತ್ಯ ಪ್ರಶಸ್ತಿ ಬಂದಿತು. ಚಿತ್ರವು ಸ್ಪ್ಯಾನಿಷಿನಲ್ಲಿದೆಯಾದರೂ ಮೂಲದ ಉಸಿರು ಆ ಹಳ್ಳಿಯ ಮಾತಿನದು. ಸ್ಪ್ಯಾನಿಷಿನಲ್ಲಿ ‘ಲೆಂಗ್ವಾ’ ಎಂದರೆ ಬಾಯಿಯ ನಾಲಗೆಯೂ ಹೌದು, ಆಡುವ ಭಾಷೆಯೂ ಹೌದು. ಹಾಗಾಗಿ ಚಿತ್ರದ ಹೆಸರಿಗೆ ‘ಚಿಟ್ಟೆಗಳ ಭಾಷೆ’ ಎಂಬ ಅರ್ಥವೂ ಒದಗುತ್ತದೆ. ರಾಜ್ಯದ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಆಗಿರುವಲ್ಲಿ ಬೆಳೆದ ಮಕ್ಕಳಿಗೆ ಈ ದ್ವಂದ್ವಾರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮೊದಲು ಹೇಳಿದ ಪ್ರಶ್ನೆಗೆ ಬರೋಣ. ಮುಂದೊಂದು ದಿನ ಹೆದರಿಕೆಯಿಂದ ಕಲ್ಲನ್ನೇ ಎಸೆಯಬಹುದಾದ ಮಗುವಿಗೆ ಚಿಟ್ಟೆಯ ನಾಲಗೆಯನ್ನು ಕಲಿಸಿ ಫಲವೇನು? ದೋನ್ ಗ್ರೆಗೋರಿಯೊ ಅವರ ದುಡಿಮೆ ಆ ಚೌಕದಲ್ಲಿ ಮಣ್ಣುಗೂಡಿತೇ? ಅಡಿಬರಹವನ್ನು ಓದಿ ಕಣ್ಣೊರೆಸಿಕೊಂಡವರಲ್ಲಿ ಎರಡು ಪಕ್ಷವಿತ್ತು. ಹುಡುಗನು ಬೈಗುಳಿನ ವೇಷದಲ್ಲಿ ಗುರುವಿಗೆ ಗುಟ್ಟಾಗಿ ನಮಸ್ಕಾರವನ್ನೇ ಕಳುಹಿಸಿದನೆಂದು ಕೆಲವರು. ಹಾಗಲ್ಲ, ಮುಗ್ಧವಾದ ಮಾತುಗಳೂ ವಿಷವಾದುವೆಂದು ಇನ್ನು ಕೆಲವರು.

ನಮಗೆ ತೋರುವುದು ಹೀಗೆ. ಹುಡುಗ ಏನನ್ನೂ ಯೋಚಿಸಿ ಕೂಗಲಿಲ್ಲ. ಕೋಪವನ್ನೂ ಹೆದರಿಕೆಯನ್ನೂ ಹೊರಹಾಕಲು ಬಾಯಿ ತೆರೆದಾಗ, ದೊಡ್ಡವರು ಕೊಟ್ಟ ನಾಲ್ಕು ಬೈಗುಳು ತೀರಿದ ಮೇಲೆ, ಅವನ ಸ್ವಂತದ್ದೆಂದು ಇದ್ದುದು ಆ ಮುದುಕ ಕೊಟ್ಟ ಶಬ್ದಗಳು ಮಾತ್ರ. ಕಲಿತದ್ದು ಅವನನ್ನು ಕಲ್ಲೆಸೆಯದಂತೆ ತಡೆಯಲಿಲ್ಲ ಎಂಬುದು ಕಹಿಯಾದ ಸತ್ಯ. ಒಬ್ಬ ಉಪಾಧ್ಯಾಯ ಎಷ್ಟೇ ಒಳ್ಳೆಯವನಾಗಿರಲಿ, ಊರೆಲ್ಲ ಕೂಡಿ ಕಲಿಸುವ ದ್ವೇಷವನ್ನು ಒಂಟಿಯಾಗಿ ಗೆಲ್ಲಲಾರನು. ಆದರೆ ಯಾವ ಸೈನ್ಯವೂ ಆ ಎರಡು ಶಬ್ದಗಳನ್ನು ಹುಡುಗನ ತಲೆಯೊಳಗಿಂದ ಹೊರಗೆಳೆದು ಸುಡಲಾರದು. ಪತ್ರಿಕೆ ಉರಿದೀತು, ಸೂಟಿನ ಸುದ್ದಿಯನ್ನು ಅಲ್ಲಗಳೆಯಬಹುದು. ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡ ನಾಲಗೆಯನ್ನು ಒಮ್ಮೆ ಮನಸ್ಸಿನಲ್ಲಿ ಕಂಡವನು ಮತ್ತೆ ಕಾಣದವನಾಗಲಾರನು. ಹೂವಿನ ಮೇಲೆ ಚಿಟ್ಟೆ ಕುಳಿತಾಗಲೆಲ್ಲ ಅವನಿಗೆ ಗುರುವಿನ ನೆನಪಾಗುತ್ತದೆ. ಆ ನೆನಪು ಸುಖದ್ದಾಗಿರಲಾರದು, ನಿಜ. ಆದರೂ ಮುಂದೆಂದೋ ಸತ್ಯವನ್ನು ಹೇಳಬೇಕೆನಿಸಿದಾಗ ಅವನು ಎಲ್ಲಿಂದ ಪ್ರಾರಂಭಿಸಬೇಕೆಂಬುದಕ್ಕೆ ಅದೊಂದೇ ಗುರುತು. ಸ್ಪೇನಿನಲ್ಲಿ ಅರುವತ್ತು ಎಪ್ಪತ್ತು ವರ್ಷಗಳ ಬಳಿಕ ಮುದುಕರಾದ ಶಿಷ್ಯರು ತಮ್ಮ ಉಪಾಧ್ಯಾಯರ ವಿಷಯ ಬಾಯಿಬಿಟ್ಟು ಹೇಳಿದ್ದರಿಂದಲೇ ಬೆನೈಜಸ್‌ರಂಥವರ ಕಥೆ ನಮ್ಮವರೆಗೆ ತಲುಪಿತು.

ತಂದೆತಾಯಂದಿರಲ್ಲಿ ನಮ್ಮದೊಂದು ವಿಜ್ಞಾಪನೆ. ಊರೆಂದ ಮೇಲೆ ಜಗಳಗಳಿರುತ್ತವೆ. ಪಕ್ಷ, ಮತ, ಭಾಷೆ, ಜಾಗದ ಗಡಿಕಲ್ಲು ಎಂದು ಹಿರಿಯರಲ್ಲಿ ಮನಸ್ತಾಪವಿರುತ್ತದೆ. ಅವನ್ನು ಹಿರಿಯರೇ ಹೊತ್ತುಕೊಳ್ಳಲಿ. ಯಾರ ಮನೆಯಲ್ಲಿ ನೀರು ಕುಡಿಯಬಾರದು, ಯಾರ ಮಗನ ಜೊತೆ ಆಡಬಾರದು ಎಂಬ ಪಾಠ ಊಟದ ಹೊತ್ತಿನಲ್ಲಿ ಪಿಸುಮಾತಿನಿಂದ ನಡೆದರೆ, ಮರುದಿನ ಶಾಲೆಯ ಬೆಂಚಿನ ಮೇಲೆ ಅದು ನಮಗೆ ಕಣ್ಣಾರೆ ಕಾಣುತ್ತದೆ. ಒಟ್ಟಿಗೆ ಕೂತಿದ್ದ ಇಬ್ಬರು ಮಕ್ಕಳ ನಡುವೆ ಒಂದು ಗೇಣು ಜಾಗ ಬಿಟ್ಟುಹೋಗಿರುತ್ತದೆ. ಆ ಒಂದು ಗೇಣನ್ನು ತುಂಬಿಸುವುದಕ್ಕೆ ನಮಗೆ ಒಂದು ವರ್ಷ ಸಾಲದು. ಸಾಧ್ಯವಾಗದಿದ್ದಲ್ಲಿ, ಬೀಡಿ ಕಟ್ಟುವ ಆ ತಾಯಿ ಹೇಳಿದಂತೆ, ಕಣ್ಣು ಮುಚ್ಚಿ ಹಿಡಿದರೂ ಸಾಕು. ಮಗುವಿನ ಕೈಗೆ ಕಲ್ಲನ್ನು ಮಾತ್ರ ಕೊಡಬೇಡಿರಿ.

ಚಿತ್ರದಲ್ಲಿ ಸಣ್ಣ ಮಕ್ಕಳು ನೋಡಬಾರದ ದೃಶ್ಯಗಳೂ ಕೆಲವಿವೆ. ಆದುದರಿಂದ ಮೊದಲು ಹಿರಿಯರು ನೋಡಿ, ಪ್ರೌಢಶಾಲೆಯ ಮಕ್ಕಳಿಗೆ ಆಯ್ದು ತೋರಿಸುವುದು ಯುಕ್ತ. ಪುಟ್ಟ ಮಕ್ಕಳಿಗೆ ಚಿತ್ರವೇ ಬೇಕೆಂದಿಲ್ಲ. ನಮ್ಮ ಶಾಲೆಯ ಬೇಲಿಯಂಚಿನಲ್ಲಿ ಕೇಪುಳದ ಗಿಡಗಳಿವೆ. ಮಳೆಗಾಲ ಮುಗಿಯುತ್ತಲೇ ಅವುಗಳ ಕೆಂಪು ಗೊಂಚಲಿನ ಮೇಲೆ ಚಿಟ್ಟೆಗಳು ಇಳಿಯುತ್ತವೆ. ನಾಲ್ಕನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಉಸಿರು ಬಿಗಿಹಿಡಿದು ನೋಡಿರಿ ಎಂದರೆ, ಸುರುಳಿ ಬಿಚ್ಚಿ ಹೂವಿನ ಕೊಳವೆಗೆ ಇಳಿಯುವ ಆ ಸಣ್ಣ ಕರಿಯ ನೂಲು ಬರಿಗಣ್ಣಿಗೇ ಕಾಣುತ್ತದೆ. ಕೋಶದಿಂದ ಹೊರಬಂದ ಹೊಸದರಲ್ಲಿ ಆ ನಾಲಗೆಯು ಎರಡು ಬೇರೆ ಬೇರೆ ಎಳೆಗಳಾಗಿರುತ್ತದೆ. ಚಿಟ್ಟೆ ಅವನ್ನು ಮೆಲ್ಲಮೆಲ್ಲನೆ ಜೋಡಿಸಿಕೊಂಡು ಒಂದು ಕೊಳವೆಯನ್ನಾಗಿ ಮಾಡಿಕೊಳ್ಳುತ್ತದೆ. ಎರಡೆಳೆ ಕೂಡದಿದ್ದರೆ ಅದಕ್ಕೆ ಮಧು ದಕ್ಕದು. ಇದನ್ನು ಕೇಳಿದ ಮಕ್ಕಳು ಮುಂದಿನ ಪ್ರಶ್ನೆಗಳನ್ನು ತಾವೇ ಕೇಳುತ್ತಾರೆ.